ಸ್ಪಿನ್ ಸರಪಳಿಯಲ್ಲಿ ಒಮ್ಮುಖ ಹರಿವು: ಗೋಡೆ ಎಲ್ಲಿಂದ ಬಂತು?

ಸಾಲಾಗಿ ನಿಂತ ಸ್ಪಿನ್‌ಗಳನ್ನು (ಮೇಲಕ್ಕೋ ಕೆಳಕ್ಕೋ ಮುಖ ಮಾಡುವ ಪುಟಾಣಿ ಕ್ವಾಂಟಂ ಆಯಸ್ಕಾಂತಗಳು) ತಗೊಳ್ಳಿ. ಮೇಲ್ಮುಖದ ಸ್ಪಿನ್ ಒಂದು ಕಣ, ಕೆಳಮುಖದ್ದು ಖಾಲಿ ಜಾಗ ಅಂತ ಇಟ್ಟುಕೊಳ್ಳೋಣ. ಎರಡೂ ತುದಿಗೆ ಒಂದೊಂದು ಬಾತ್, ಅಂದರೆ ತುದಿಯ ಸ್ಪಿನ್ ಯಾವ ಸ್ಥಿತಿಯಲ್ಲಿರಬೇಕೆಂದು ಒತ್ತುವ ಹೊರಗಿನ ಪರಿಸರ. ಒಂದು ತುದಿಯ ಬಾತ್ ಮೇಲ್ಮುಖ, ಕೆಳಮುಖ ಎರಡನ್ನೂ ಸಮವಾಗಿ ಬೆರೆಸುತ್ತದೆ. ಇನ್ನೊಂದು ತುದಿಯದು ಎಲ್ಲವನ್ನೂ ಕೆಳಮುಖ ಮಾಡುತ್ತದೆ. ಕಣಗಳು ಮೊದಲನೆಯ ತುದಿಯಿಂದ ಎರಡನೆಯದಕ್ಕೆ ಹರಿಯುತ್ತವೆ. ಬಾತ್‌ಗಳನ್ನು ಅದಲುಬದಲು ಮಾಡಿದರೆ ಹರಿವು ತಿರುಗುತ್ತದೆ. ಆದರೆ ಮೊದಲಿನಷ್ಟೇ ಹರಿಯುತ್ತದಾ?

ಹರಿವು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗಲು ಸರಪಳಿಯ ಎರಡು ಅರ್ಧಗಳು ಬೇರೆ ಬೇರೆ ಇದ್ದರೆ ಸಾಕು ಅನ್ನಿಸುತ್ತದೆ, ಅಲ್ವಾ? ಸಾಲದು. ಕಣಗಳ ನಡುವೆ ಅಂತರಕ್ರಿಯೆ ಇಲ್ಲದಿದ್ದರೆ, ಯಾವ ಶಕ್ತಿಯಲ್ಲಿ ನೋಡಿದರೂ ಎಡದಿಂದ ಬಲಕ್ಕೆ ದಾಟುವ ಸಾಧ್ಯತೆಯೂ ಬಲದಿಂದ ಎಡಕ್ಕೆ ದಾಟುವ ಸಾಧ್ಯತೆಯೂ ಒಂದೇ. ಹಾಗಾಗಿ ಒಂದು ಅರ್ಧದಲ್ಲಾದರೂ ಅಂತರಕ್ರಿಯೆ ಬೇಕು.

ಎಕ್ಸ್‌ಎಕ್ಸ್‌ಝಡ್ (XXZ) ಅನ್ನುವುದು ಇಂಥ ಸರಪಳಿಯ ಗಣಿತದ ಮಾದರಿ, ಅದರಲ್ಲಿ ಈ ಅಂತರಕ್ರಿಯೆಯ ಬಲವನ್ನು ಡೆಲ್ಟಾ ಅನ್ನುವ ಸಂಖ್ಯೆ ಅಳೆಯುತ್ತದೆ. ಎಡ ಅರ್ಧದಲ್ಲಿ ಡೆಲ್ಟಾ ದೊಡ್ಡದು, ಬಲ ಅರ್ಧದಲ್ಲಿ ಸೊನ್ನೆ. ಈಗ ಬೆರಕೆ ಬಾತ್ ಬಲಕ್ಕಿರಲಿ, ಕೆಳಮುಖದ್ದು ಎಡಕ್ಕಿರಲಿ. ಬಲ ಅರ್ಧದಲ್ಲಿ ಒಂಟಿ ಕಣದ ಶಕ್ತಿ ಮೈನಸ್ 4ರಿಂದ ಪ್ಲಸ್ 4ರವರೆಗೆ (ಸ್ಪಿನ್‌ಗಳನ್ನು ವಿವರಿಸುವ ಪೌಲಿ ಮ್ಯಾಟ್ರಿಕ್ಸ್‌ಗಳಲ್ಲಿ ಬರೆದು, ಜೋಡಣೆಯ ಬಲವನ್ನು 1 ಅಂತ ಹಿಡಿದರೆ). ಎಡ ಅರ್ಧ ಪೂರ್ತಿ ಕೆಳಮುಖವಾಗಿದೆ. ಅಲ್ಲಿ ಒಂದು ಸ್ಪಿನ್ ತಿರುಗಿದರೆ, ಅದನ್ನು ಅಕ್ಕಪಕ್ಕದ ಸ್ಪಿನ್‌ಗಳಿಗೆ ಸೇರಿಸುವ ಎರಡು ಕೊಂಡಿಗಳ ಶಕ್ತಿಯೂ ಬದಲಾಗುತ್ತದೆ. ಒಂದೊಂದು ಕೊಂಡಿಗೆ 2 ಡೆಲ್ಟಾ, ಒಟ್ಟು 4 ಡೆಲ್ಟಾ. ಎಡ ಅರ್ಧದ ಶಕ್ತಿಪಟ್ಟಿ (ಅಲ್ಲಿ ಕಣಕ್ಕೆ ಸಿಗಬಹುದಾದ ಶಕ್ತಿಗಳ ವ್ಯಾಪ್ತಿ) ಪೂರ್ತಿ ಅಷ್ಟು ದೂರ ಸರಿಯುತ್ತದೆ. ಡೆಲ್ಟಾ 2 ದಾಟಿತೋ, ಎರಡು ಪಟ್ಟಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಬಂದ ಕಣ ಹೋಗಲು ದಾರಿ ಕಾಣದೆ, ಗೋಡೆಗೆ ಬಡಿದಂತೆ ವಾಪಸ್ ಹೋಗುತ್ತದೆ. ಇದು ಒಂಟಿ ಕಣದ ಲೆಕ್ಕ ಮಾತ್ರ, ಹಲವು ಕಣಗಳು ಸೇರಿದಾಗ ಮಿತಿ ಬೇರೆಯಾಗುತ್ತದೆ.

ಈಗ ಬಾತ್‌ಗಳನ್ನು ಅದಲುಬದಲು ಮಾಡಿ: ಬೆರಕೆ ಬಾತ್ ಎಡಕ್ಕೆ, ಕೆಳಮುಖದ್ದು ಬಲಕ್ಕೆ. ಎಡ ಅರ್ಧದೊಳಗೆ ಮೇಲ್ಮುಖ, ಕೆಳಮುಖ ಬೆರೆತಿವೆ. ಒಂದು ಸ್ಪಿನ್‌ನ ಒಂದು ಪಕ್ಕ ಮೇಲ್ಮುಖ, ಇನ್ನೊಂದು ಪಕ್ಕ ಕೆಳಮುಖ ಇದ್ದರೆ, ಅದು ತಿರುಗಿದರೂ ಡೆಲ್ಟಾ ಲೆಕ್ಕದಲ್ಲಿ ಖರ್ಚೇ ಇಲ್ಲ: ಒಂದು ಕೊಂಡಿಯಲ್ಲಿ ಏರಿದ್ದು ಇನ್ನೊಂದರಲ್ಲಿ ಇಳಿಯುತ್ತದೆ. ಹರಿಯಲು ದಾರಿ ಸಿಕ್ಕಿತು.

ನನಗೆ ತುಂಬ ಹಿಡಿಸಿದ ಜಾಗ ಇದೇ. ಗೋಡೆಯನ್ನು ಯಾರೂ ಕಟ್ಟಿಲ್ಲ. ಸರಪಳಿಯೊಳಗೆ ಯಾವ ಸ್ಥಿತಿ ತುಂಬಿದೆ ಅನ್ನುವುದೇ ಗೋಡೆ ಎಬ್ಬಿಸುತ್ತದೆ, ಆ ಸ್ಥಿತಿಯನ್ನು ಆರಿಸುವುದು ಬಾತ್‌ಗಳ ದಿಕ್ಕು.

2018ರಲ್ಲಿ ಬಾಲಚಂದ್ರನ್, ಬೆನೆಂಟಿ, ಪೆರೇರಾ, ಕಸಾಟಿ, ಪೊಲೆಟ್ಟಿ ಎಂಬ ಭೌತವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿ ತೋರಿಸಿದರು. ಬರೀ 8 ಸ್ಪಿನ್‌ಗಳ ಸರಪಳಿಯಲ್ಲೇ ಎರಡು ದಿಕ್ಕಿನ ಹರಿವಿನ ಅನುಪಾತ ಸುಮಾರು 10,000 ಮುಟ್ಟಿತು.

ಕಂಪ್ಯೂಟರಿನಲ್ಲಿ ನೀವೇ ಲೆಕ್ಕ ಮಾಡಿ ನೋಡುವುದಾದರೆ 4 ಸ್ಪಿನ್‌ನಿಂದ ಶುರು ಮಾಡಿ. ಸರಪಳಿಯ ಸ್ಥಿತಿಯನ್ನು ಪೂರ್ತಿ ಹೇಳುವ ಡೆನ್ಸಿಟಿ ಮ್ಯಾಟ್ರಿಕ್ಸ್ 16 × 16, ಅಂದರೆ 256 ಸಂಖ್ಯೆಗಳಷ್ಟೇ. ಮೊದಲು ಎರಡೂ ಕಡೆ ಡೆಲ್ಟಾ ಸೊನ್ನೆ ಇಟ್ಟು, ಹರಿವು ಎರಡೂ ದಿಕ್ಕಿನಲ್ಲಿ ಸಮ ಬರುತ್ತದಾ ನೋಡಿಕೊಳ್ಳಿ. ಆಮೇಲೆ ಎಡಗಡೆಯ ಡೆಲ್ಟಾ ಸ್ವಲ್ಪ ಸ್ವಲ್ಪವೇ ಏರಿಸಿ.