ಕಣ್ಣಿನ ಪ್ರೆಷರ್ ರಾತ್ರಿ ಏನು ಮಾಡ್ತದೆ? ಅದನ್ನ ಅಳೆಯೋಕೆ ಹೊರಟವರ ಕಥೆ

ನಮ್ಮ ಆಯಿಗೆ ಗ್ಲಾಕೋಮಾ, ಅಂದ್ರೆ ಕಣ್ಣೊಳಗಿನ ಪ್ರೆಷರಿಂದ ನರ ಹಾಳಾಗೋ ಕಾಯಿಲೆ. ಮೂರು ತಿಂಗಳಿಗೊಮ್ಮೆ ಕುಮಟಾದಲ್ಲಿ ಬೆಳಿಗ್ಗೆ ಬಸ್ ಹತ್ತಿ ದೇವಿಮನೆ ಘಟ್ಟ, ಸಿರ್ಸಿ ದಾಟಿ ಹುಬ್ಬಳ್ಳಿ ಮುಟ್ಟೋ ಹೊತ್ತಿಗೆ ಮಧ್ಯಾಹ್ನ. ಅಲ್ಲಿ ಕಣ್ಣಿಗೆ ಮರಗಟ್ಟೋ ಡ್ರಾಪ್ಸು, ಹಳದಿ ಬಣ್ಣ ಹಾಕಿ, ಗದ್ದ ಸ್ಟ್ಯಾಂಡಿನ ಮೇಲಿಡಿಸಿ, ನೀಲಿ ಲೈಟ್ ಬಿಟ್ಟು ಒಂದು ಪುಟ್ಟ ತುದಿಯನ್ನ ಕಣ್ಣುಗುಡ್ಡೆಗೆ ತಾಗಿಸ್ತಾರೆ. ಡಾಕ್ಟರಿಗೆ ಒಳಗೆ ಎರಡು ಹಸಿರು ಅರ್ಧವೃತ್ತ ಕಾಣ್ತಾವಂತೆ, ಅವೆರಡರ ಒಳಅಂಚು ಕೂಡೋ ತನಕ ಗುಂಡಿ ತಿರುಗಿಸಿದ್ರೆ ಬಂದ ನಂಬರೇ ಪ್ರೆಷರ್. ಕೆಲವೇ ಸೆಕೆಂಡಿನ ಕೆಲಸ. "16, ಅಡ್ಡಿಲ್ಲೆ" ಅಂತ ಆಯಿ ಖುಷಿಯಿಂದ ಹೊರಗೆ ಬರ್ತಾಳೆ. ಆದ್ರೆ ಚುಕ್ಕಿ ಬೆಳಕು ಕಂಡಾಗ ಬಟನ್ ಒತ್ತೋ ಟೆಸ್ಟ್ ಇದೆಯಲ್ಲ, ಅದರಲ್ಲಿ ಮಾತ್ರ ದೃಷ್ಟಿ ಅಂಚಿಂದ ಕಮ್ಮಿ ಆಗ್ತಾನೇ ಬಂತು.

ಇದು ಹೇಗೆ ಅಂತ ತಲೆ ಕೆಡಿಸ್ಕೊಂಡು ಓದಿದಾಗ ಗೊತ್ತಾಗಿದ್ದು ಇಷ್ಟು. ಕಣ್ಣೊಳಗೆ ನೀರು ಹುಟ್ಟುತ್ತಾ ಇರ್ತದೆ, ಒಂದು ಮೂಲೆಯಲ್ಲಿ ಜರಡಿಯಂಥ ದಾರಿಯಲ್ಲಿ ಹೊರಗೆ ಹೋಗ್ತದೆ. ಆ ದಾರಿ ಕಟ್ಟಿದ್ರೆ ಪ್ರೆಷರ್ ಏರಿ ಹಿಂದಿನ ನರ ಸಾಯ್ತದೆ, ಸತ್ತ ನರ ವಾಪಸ್ ಬರೋದಿಲ್ಲ. ಸಾಮಾನ್ಯ ಅನ್ನೋದು 10ರಿಂದ 21 (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ), ಆದ್ರೆ ಅದು ಇಡೀ ದಿನ ಒಂದೇ ಥರ ಇರಲ್ಲ, ಮಲಗಿದ್ರೇ ಏರ್ತದೆ, ಎಷ್ಟೋ ಜನರಿಗೆ ರಾತ್ರಿ ಅಥವಾ ಬೆಳಗಿನ ಜಾವ ಅತೀ ಜಾಸ್ತಿ. ಅಘನಾಶಿನಿ ಹೊಳೆ ಕಡೆ ಗಜನಿ ಗದ್ದೆ (ಸಮುದ್ರದ ಉಪ್ಪುನೀರು ಬರೋ ಗದ್ದೆ) ಇರೋರಿಗೆ ಇದು ಬೇಗ ಅರ್ಥ ಆಗ್ತದೆ, ಹಗಲು ನೀರಿಳಿದಾಗ ಹೋಗಿ ನೋಡಿ ಬಂದ್ರೆ ರಾತ್ರಿ ಭರತದ ನೀರು ಒಡ್ಡಿಗೆ ಎಷ್ಟು ಹೊಡೀತು ಅಂತ ಹೇಗೆ ಹೇಳೋದು?

ಹಿಂದೆ ಡಾಕ್ಟರುಗಳು ರೆಪ್ಪೆ ಮೇಲಿಂದ ಬೆರಳಲ್ಲಿ ಒತ್ತಿ ಕಣ್ಣು ಗಟ್ಟಿ ಇದೆಯಾ ಅಂತ ನೋಡ್ತಿದ್ರು. 1905ರಲ್ಲಿ ನಾರ್ವೆಯ ಶಿಯೋಟ್ಸ್ ಕಣ್ಣಿನ ಮೇಲೆ ತೂಕ ಇಟ್ಟು ಅಳೆಯೋ ಸಾಧನ ತಂದ್ರು, 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಗೋಲ್ಡ್‌ಮನ್ ಈ ನೀಲಿ ಲೈಟಿನ ವಿಧಾನ ಮಾಡಿದ್ರು. ಆಯಿಗೆ ಇವತ್ತೂ ಅದೇ.

ನಂಗೆ ಆಶ್ಚರ್ಯ ಆಗಿದ್ದು 1967ರ ವಿಷಯ. ಅಮೆರಿಕದ ಕಾರ್ಟರ್ ಕಾಲಿನ್ಸ್ ಅನ್ನೋರು ಆಗ್ಲೇ ಕಣ್ಣೊಳಗೆ ಇಡೋ ಸೆನ್ಸರ್ ಮಾಡಿದ್ರು, 2 ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಎದುರುಬದುರು ಎರಡು ಚಪ್ಪಟೆ ತಂತಿ ಸುರುಳಿ. ಪ್ರೆಷರ್ ಏರಿದ್ರೆ ಡಬ್ಬಿ ಅಮುಕಿ ಸುರುಳಿಗಳು ಹತ್ರ ಬರ್ತಾವೆ, ಆಗ ಅದು ಸ್ಪಂದಿಸೋ ರೇಡಿಯೋ ಫ್ರೀಕ್ವೆನ್ಸಿ ಬದಲಾಗ್ತದೆ, ಅದನ್ನ ಹೊರಗಿಂದ ಓದೋದು. ಬ್ಯಾಟರಿಯೇ ಬೇಡ! ಮೊಲಗಳ ಕಣ್ಣಲ್ಲಿ ಕೆಲಸ ಮಾಡ್ತು. ಆದ್ರೂ ಮನುಷ್ಯರ ತನಕ ಬರೋಕೆ ದಶಕಗಳೇ ಹಿಡಿದ್ವು, ಯಾಕಂದ್ರೆ ಕಣ್ಣಿನ ಉಪ್ಪುನೀರಲ್ಲಿ ವರ್ಷಗಟ್ಟಲೆ ಕೆಡದೆ ಇರಬೇಕು, ಲೆಕ್ಕ ತಪ್ಪಬಾರದು, ಸುತ್ತ ಊತ ತರಬಾರದು.

ಮಧ್ಯದಲ್ಲಿ ಟ್ರಿಗರ್‌ಫಿಶ್ ಅನ್ನೋ ಕಾಂಟ್ಯಾಕ್ಟ್ ಲೆನ್ಸ್ ಬಂತು, 2016ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ತು. 24 ಗಂಟೆ ಹಾಕ್ಕೊಂಡಿದ್ರೆ ಏರಿಳಿತ ತೋರಿಸ್ತದೆ, ಆದ್ರೆ ಪ್ರೆಷರ್ ಇಷ್ಟು ಅಂತ ನೇರ ನಂಬರ್ ಕೊಡಲ್ಲ.

ನಂಬರ್ ಕೊಡೋದು ಜರ್ಮನಿಯ ಐಮೇಟ್ ಅನ್ನೋ ಸೆನ್ಸರ್, 2017ರಲ್ಲಿ ಯುರೋಪಿನ ಸಿಇ ಮಾರ್ಕ್ (ಅಲ್ಲಿ ಮಾರೋಕೆ ಬೇಕಾದ ಗುರುತು) ಸಿಕ್ಕಿದ್ದು. ಉಂಗುರದ ಥರದ ಇದನ್ನ ಪೊರೆ ಆಪರೇಷನ್ ಮಾಡುವಾಗಲೇ ಒಳಗೆ ಕೂರಿಸ್ತಾರೆ, ಆಮೇಲೆ ಪೇಷಂಟೇ ಮನೆಯಲ್ಲಿ ರೀಡರ್ ಅನ್ನೋ ಕೈಯಂತ್ರವನ್ನ ಕಣ್ಣಿನ ಎದುರು ಹಿಡಿದ್ರೆ ಅದರಿಂದಲೇ ಕರೆಂಟ್ ತಗೊಂಡು ರೀಡಿಂಗ್ ಕೊಡ್ತದೆ. ಆರು ಜನರ ಮೊದಲ ಪ್ರಯೋಗದಲ್ಲಿ ಕೆಲವರಿಗೆ ಕಣ್ಣೊಳಗೆ ಊತ ಬಂದಿತ್ತು, ಅದು ಚಿಕಿತ್ಸೆಗೆ ಇಳೀತು, ಮುಂದೆ ಉಂಗುರದ ವಿನ್ಯಾಸ ತಿದ್ದಿದ್ರು. ಈಗ ಕಣ್ಣಿನ ಬಿಳಿಭಾಗದ ಕೆಳಗೆ ಇಡೋ ಇನ್ನೊಂದು ಮಾದರಿಯೂ ಇದೆ. ಮಲಗಿದ್ದವರು ಎದ್ದು ರೀಡರ್ ಹಿಡಿದ್ರೆ ಎಚ್ಚರದ ಪ್ರೆಷರ್ ಸಿಗ್ತದೆ ಹೊರತು ನಿದ್ದೆಯದ್ದಲ್ಲ, ಹಾಗಾಗಿ ನಿಜಕ್ಕೂ ರಾತ್ರಿಯಿಡೀ ಅಳೆಯೋಕೆ ಕಣ್ಣಿನ ಸುತ್ತ ಅಂಟಿಸೋ ಆಂಟೆನಾ ಬೇಕು.

ನಂಗೆ ಇದರಲ್ಲಿ ಮುಖ್ಯ ಅನ್ಸೋದು ಆ ರೀಡಿಂಗ್ ಮನೆಯಿಂದಲೇ ಡಾಕ್ಟರಿಗೆ ಕಳಿಸಬಹುದು ಅನ್ನೋದು. ಘಟ್ಟ ಹತ್ತಿ ಇಳಿದು ತೋರಿಸ್ಕೊಳ್ಳೋ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಉಪಕಾರ ಏನಿದೆ.

ಸದ್ಯ ಡಾಕ್ಟರು ಮುಂದಿನ ಸಲ ಆಯಿದು ಬೆಳಿಗ್ಗೆಯಿಂದ ಸಂಜೆ ತನಕ ಮೂರು ಗಂಟೆಗೊಮ್ಮೆ ನೋಡೋಣ ಅಂದಿದಾರೆ. ಮೊದಲ ರೀಡಿಂಗ್ ಏಳಕ್ಕೆ, ಹಿಂದಿನ ದಿನವೇ ಹೋಗಿ ಹುಬ್ಬಳ್ಳಿಯಲ್ಲಿ ಉಳೀಬೇಕು.