ತಲೆಯ ಮೇಲೆ ಕೈಯಿಟ್ಟುಕೊಂಡು ಬಂದವರು

ಹೊಲಿಗೆ ಕೆಲಸದ ಮಹಿಳೆಯೊಬ್ಬರು ಬಲಗೈಯನ್ನು ತಲೆಯ ಮೇಲಿಟ್ಟುಕೊಂಡೇ ಒಳಗೆ ಬಂದರು. ಇಳಿಸಿದರೆ ಕುತ್ತಿಗೆಯಿಂದ ನಡುಬೆರಳಿನವರೆಗೆ ಉರಿ, ಜೋಮು. “ಹೀಗಿಟ್ಟುಕೊಂಡರೆ ಮಾತ್ರ ನೆಮ್ಮದಿ ಡಾಕ್ಟರೇ” ಎನ್ನುತ್ತಾ ಎಂಆರ್‌ಐ ಲಕೋಟೆ ಚಾಚಿದರು. ಅದನ್ನು ಬದಿಗಿಟ್ಟೆ. ಕೈ ಎತ್ತಿದಾಗ ನರದ ಬೇರಿನ (ಬೆನ್ನುಹುರಿಯಿಂದ ನರ ಹೊರಡುವ ಬುಡದ) ಮೇಲಿನ ಎಳೆತ ಸಡಿಲಾಗುತ್ತದೆ. ಅವರ ಭಂಗಿಯೇ ಅರ್ಧ ಉತ್ತರ ಕೊಟ್ಟಿತ್ತು.

ಕುತ್ತಿಗೆಯಲ್ಲಿ ಮೂಳೆಗಳು 7, ನರಬೇರುಗಳು 8 ಜೋಡಿ. ಆರನೆಯದು ಒತ್ತಿಕೊಂಡರೆ ಹೆಬ್ಬೆರಳಿನ ಕಡೆ ಜೋಮು, ಎಂಟನೆಯದಾದರೆ ಕಿರುಬೆರಳಿನ ಕಡೆ. ಹೆಚ್ಚಾಗಿ ಸಿಕ್ಕಿಬೀಳುವುದು ಏಳನೆಯದು: ನಡುಬೆರಳು ಮತ್ತು ರಟ್ಟೆಯ ಹಿಂಬದಿಯ ಸ್ನಾಯು ಅದರ ಪಾಲಿನವು. ಮೊಣಕೈ ಮಡಚಿಸಿ, ನನ್ನ ಅಂಗೈಯನ್ನು ದೂಡಲು ಹೇಳಿದೆ. ಎಡಗೈ ಗಟ್ಟಿಯಾಗಿತ್ತು, ಬಲಗೈ ಸೋತಿತು. ಮೊಣಕೈಯ ಹಿಂದೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಎಡಗೈ ಜಿಗಿಯಿತು, ಬಲಗೈ ಅಲುಗಲಿಲ್ಲ.

ಆಮೇಲೆ ಸ್ಪರ್ಲಿಂಗ್ ಪರೀಕ್ಷೆ. ಅಮೆರಿಕದ ನರಶಸ್ತ್ರವೈದ್ಯರಾದ ಸ್ಪರ್ಲಿಂಗ್ ಮತ್ತು ಸ್ಕೋವಿಲ್ 1944ರಲ್ಲಿ ವಿವರಿಸಿದ್ದು. ತಲೆಯನ್ನು ತುಸು ಹಿಂದಕ್ಕೆ, ನೋವಿರುವ ಕಡೆಗೆ ವಾಲಿಸಿ ನೆತ್ತಿಯನ್ನು ಮೆಲ್ಲನೆ ಒತ್ತಬೇಕು. ನೋವು ತೋಳಿಗೆ ಇಳಿದರಷ್ಟೇ ಅದು ನರದ ಸುಳಿವು. ಕುತ್ತಿಗೆ ಮಾತ್ರ ನೊಂದರೆ ಲೆಕ್ಕಕ್ಕಿಲ್ಲ. ಕಿರಿಯ ವೈದ್ಯರು ಇಲ್ಲಿಯೇ ಎಡವುವುದನ್ನು ಕಂಡಿದ್ದೇನೆ. ನೋವು ಇಳಿಯದಿದ್ದರೂ ನರ ಒತ್ತಿಲ್ಲವೆಂದು ಹೇಳಲಾಗದು. ಬಿದ್ದು ಪೆಟ್ಟಾದವರಿಗೆ ಇದನ್ನು ಮಾಡಬಾರದು. ದಯವಿಟ್ಟು ಮನೆಯಲ್ಲಿ ಯಾರೂ ಯಾರ ತಲೆಯನ್ನೂ ಒತ್ತಬೇಡಿ.

ಮಣಿಕಟ್ಟಿನಲ್ಲಿ ನರ ಒತ್ತಿಕೊಂಡರೂ ನಡುಬೆರಳು ಜೋಮು ಹಿಡಿಯುತ್ತದೆ. ಆದರೆ ಆಗ ಮೊಣಕೈ ದೂಡುವ ಬಲ ಕುಂದುವುದಿಲ್ಲ. ರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುವವರಲ್ಲಿ ಮೊದಲು ಮಣಿಕಟ್ಟನ್ನೇ ಶಂಕಿಸುತ್ತೇನೆ.

ನಡೆಸಿಯೂ ನೋಡಿದೆ. ಹೆಜ್ಜೆ ತಡವರಿಸುವುದು, ಗುಂಡಿ ಹಾಕಿಕೊಳ್ಳಲು ಬೆರಳು ಒದ್ದಾಡುವುದು, ಮೂತ್ರದ ಹಿಡಿತ ತಪ್ಪುವುದು ಬೆನ್ನುಹುರಿಯೇ ನಲುಗುತ್ತಿರುವ ಲಕ್ಷಣಗಳು. ಅಂಥವರಿಗೆ ಎಂಆರ್‌ಐ ತಡಮಾಡುವಂತಿಲ್ಲ. ಇವರ ನಡಿಗೆ ನೇರವಾಗಿತ್ತು.

ಕೊನೆಗೆ ಲಕೋಟೆ ತೆರೆದೆ. ವರದಿಯಲ್ಲಿ ದಪ್ಪಕ್ಷರದಲ್ಲಿದ್ದದ್ದು 5 ಮತ್ತು 6ನೇ ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್‌ನ ಉಬ್ಬು. ನೋವೇ ಇಲ್ಲದವರಲ್ಲಿಯೂ ಇಂಥ ಉಬ್ಬುಗಳು ಕಾಣುತ್ತವೆ. ಏಳನೆಯ ನರ ಹೊರಡುವುದು 6 ಮತ್ತು 7ರ ನಡುವಿನಿಂದ. ಅಲ್ಲಿ ನರ ಹೊರಬರುವ ಬಲಬದಿಯ ಕಿಂಡಿ ಕಿರಿದಾಗಿರುವುದು ಕೆಳಗೆ ಒಂದೇ ಸಾಲಿನಲ್ಲಿತ್ತು. ಔಷಧಿ, ವ್ಯಾಯಾಮ ಶುರುಮಾಡಿ, ಬಲ ಮರಳುವವರೆಗೆ ಎರಡು ವಾರಕ್ಕೊಮ್ಮೆ ಕರೆಸಿ ಅದೇ ಮೊಣಕೈಯಿಂದ ನನ್ನ ಅಂಗೈಯನ್ನು ದೂಡಿಸಿ ನೋಡಿದೆ.