ಬಿಡಿ ಹಾಡಿಗೆ ಯಾವ ಹೆಸರು? ಸಂಗೀತ ಸೂಚಿಯ ಹಳೆಯ ತೊಡಕು

ಸಂಗೀತಕಾರ ಹ್ಯಾಂಡೆಲ್ 1738ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ತಂದ ‘ಸೆರ್ಸೆ’ ಆಪೆರಾ (ಸಂಗೀತ ನಾಟಕ) ಅಂದು ಸೋತಿತು. ಅದರ ಮೊದಲ ಹಾಡು ಮಾತ್ರ ‘ಹ್ಯಾಂಡೆಲ್‌ನ ಲಾರ್ಗೋ’ ಎಂದು ಮನೆಮಾತಾಗಿ, ಪಿಯಾನೊ, ಪಿಟೀಲು, ಆರ್ಗನ್‌ಗಳಿಗೆ ಒಗ್ಗಿಸಿಕೊಂಡು ಬಿಡಿಬಿಡಿಯಾಗಿ ಅಚ್ಚಾಗುತ್ತ ಬಂತು. ಮುಖಪುಟದಲ್ಲಿ ಆಪೆರಾದ ಹೆಸರೇ ಕಾಣದ ಇಂಥ ಪ್ರತಿಯನ್ನು ಗ್ರಂಥಾಲಯ ತನ್ನ ಸೂಚಿಯಲ್ಲಿ (ಕ್ಯಾಟಲಾಗ್‌ನಲ್ಲಿ) ಯಾವ ಹೆಸರಿನಡಿ ದಾಖಲಿಸಬೇಕು?

ಬ್ರಿಟಿಷ್ ಮ್ಯೂಸಿಯಂನ ಗ್ರಂಥಪಾಲಕ ಪನಿಜ್ಜಿಯ 1841ರ ಸೂಚಿ ನಿಯಮಗಳಿಂದ ಅಮೆರಿಕದ ಗ್ರಂಥಪಾಲಕ ಕಟರ್‌ನ 1876ರ ನಿಯಮಗಳವರೆಗೆ ಸೂಚಿಕಾರರ ಗಮನವೆಲ್ಲ ಪುಸ್ತಕದ ಮೇಲಿತ್ತು. ಸಂಗೀತಕ್ಕೆಂದೇ ಅಮೆರಿಕದಲ್ಲಿ ಪ್ರತ್ಯೇಕ ಸಂಹಿತೆ ಬಂದದ್ದು 1958ರಲ್ಲಿ. ಆ ವೇಳೆಗೆ ಎಲ್‌ಪಿ ಗ್ರಾಮಫೋನ್ ತಟ್ಟೆಗಳು ಬಿಡಿ ಭಾಗಗಳ ರಾಶಿಯನ್ನೇ ಕಪಾಟಿಗೆ ತಂದಿದ್ದವು.

ಗಟ್ಟಿ ಚೌಕಟ್ಟು ಸಿಕ್ಕಿದ್ದು ಗ್ರಂಥಾಲಯ ಸೂಚಿಗಳಿಗಾಗಿ ಇರುವ ಆಂಗ್ಲೋ-ಅಮೆರಿಕನ್ ನಿಯಮಗಳ 1978ರ ಎರಡನೆಯ ಆವೃತ್ತಿಯಲ್ಲಿ. ಮೊದಲು ಇಡೀ ಕೃತಿಯ ಹೆಸರು, ಆಮೇಲೆ ಭಾಗದ್ದು. ಹಾಗಾಗಿ ಲಾರ್ಗೋ, ಹಾಡಿನ ಮೊದಲ ಪದಗಳೊಂದಿಗೆ, ‘ಸೆರ್ಸೆ. ಓಂಬ್ರಾ ಮಾಯ್ ಫು’ ಆಯಿತು. ಭಾಗಗಳಿಗೆ ಸಂಖ್ಯೆಯಷ್ಟೇ ಇದ್ದರೆ ಸಂಖ್ಯೆ ಸಾಕು: ಬ್ರಾಮ್ಸ್‌ನ ಹಂಗೇರಿಯನ್ ನೃತ್ಯಗಳು, 5. ಶೂಮನ್ 1848ರಲ್ಲಿ ಮಕ್ಕಳಿಗಾಗಿ ಬರೆದ 43 ಪಿಯಾನೊ ತುಣುಕುಗಳಲ್ಲಿ 21, 26, 30ನೆಯವಕ್ಕೆ ಹೆಸರಿಲ್ಲ, ಮೂರು ನಕ್ಷತ್ರಗಳಷ್ಟೇ ಇವೆ. ಹೀಗೆ ಕೆಲವಕ್ಕಷ್ಟೇ ಹೆಸರಿದ್ದಲ್ಲಿ ಸಂಖ್ಯೆ ಕೊಟ್ಟು, ಹೆಸರಿದ್ದರೆ ಪಕ್ಕದಲ್ಲಿ ಅದನ್ನೂ ಬರೆಯಬೇಕು. ಇಷ್ಟು ಸೂಕ್ಷ್ಮವನ್ನು ಗಮನಿಸಿದ ನಿಯಮಕ್ಕೆ ಗೌರವ ಸಲ್ಲಲೇಬೇಕು.

ಆದರೆ ವಿವಾಲ್ಡಿಯ ‘ನಾಲ್ಕು ಋತುಗಳು’ ನೋಡಿ. ಅವು 1725ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ 12 ಕನ್ಚೆರ್ಟೊಗಳ (ವಾದ್ಯವೃಂದದೊಡನೆ ಒಂದು ವಾದ್ಯ ಮೆರೆಯುವ ಕೃತಿಗಳ) ಸಂಪುಟದ ಮೊದಲ ನಾಲ್ಕು. ಸೂಚಿಯಲ್ಲಿ ಸಂಪುಟದ ಉದ್ದನೆಯ ಇಟಾಲಿಯನ್ ಹೆಸರು, ಅದರ ಮುಂದೆ ‘1-4’. ಜಗತ್ತಿಗೆಲ್ಲ ಗೊತ್ತಿರುವ ಹೆಸರು ಅಧಿಕೃತ ಶೀರ್ಷಿಕೆಯಲ್ಲಿ ಇಲ್ಲವೇ ಇಲ್ಲ! 2010ರಲ್ಲಿ ಪ್ರಕಟವಾಗಿ 2013ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜಾರಿಗೆ ತಂದ ಆರ್‌ಡಿಎ (ರಿಸೋರ್ಸ್ ಡಿಸ್ಕ್ರಿಪ್ಷನ್ ಅಂಡ್ ಆ್ಯಕ್ಸೆಸ್) ಎಂಬ ಹೊಸ ಸೂಚಿ ನಿಯಮಗಳು ಇಂಥ ಭಾಗಗಳನ್ನು ಒಟ್ಟುಗೂಡಿಸದೆ ಒಂದೊಂದಾಗಿ ದಾಖಲಿಸಲು ಹೇಳುತ್ತವೆ. ಇಡೀ ಕೃತಿಯ ಹೆಸರು ಮುಂದಿರಬೇಕೆಂಬ ಕ್ರಮ ಮಾತ್ರ ಬದಲಾಗಲಿಲ್ಲ.

ಕ್ರಮ ತಪ್ಪೇನಲ್ಲ, ಒಂದು ಕೃತಿಯ ಚೂರುಗಳೆಲ್ಲ ಒಂದೆಡೆ ಸಿಗುವುದು ಅದರಿಂದಲೇ. ಬೇರೆ ಹೆಸರು ಹಿಡಿದು ಬಂದ ಓದುಗರನ್ನು ಅಲ್ಲಿಗೆ ತಲುಪಿಸುತ್ತಿದ್ದುದು ‘ಲಾರ್ಗೋ: ಸೆರ್ಸೆ ನೋಡಿ’ ಎಂಬಂಥ ಸೂಚನಾ ಕಾರ್ಡು. ಕಂಪ್ಯೂಟರ್ ಬಂದ ಮೇಲೆ ಆ ಪರ್ಯಾಯ ಹೆಸರುಗಳು ಬೇರೊಂದು ಕಡತಕ್ಕೆ ಹೋದವು. ಎಷ್ಟೋ ಆನ್‌ಲೈನ್ ಸೂಚಿಗಳ ಸಾಮಾನ್ಯ ಹುಡುಕಾಟ ಆ ಕಡತವನ್ನು ಮುಟ್ಟುವುದೇ ಇಲ್ಲ. ಹೆಸರುಗಳನ್ನು ಕಲೆಹಾಕುವ ಕಷ್ಟದ ಕೆಲಸ ಸೂಚಿಕಾರರಿಂದ ಎಂದೋ ಮುಗಿದಿದೆ. ಹುಡುಕಾಟಕ್ಕೆ ಆ ಕಡತವನ್ನು ಜೋಡಿಸುವುದಷ್ಟೇ ಬಾಕಿ.